ಕಿರಿಕಿರಿ ಮಾಡುವ ಜನರ ಬಗ್ಗೆ ಸ್ಟೋಯಿಕರು ನಿಜವಾಗಿ ಹೇಳಿದ್ದೇನು?

ಸ್ಟೋಯಿಕರು ಅಂದರೆ ಹಳೆಯ ಗ್ರೀಸ್, ರೋಮ್‌ನ ಒಂದು ತತ್ವಚಿಂತನೆಯ ಪಂಥದವರು. ಸ್ಟೋಯಿಕ್ ಅಂದ ಕೂಡಲೇ, ಯಾರು ಏನೇ ಅಂದರೂ ಹಲ್ಲು ಕಚ್ಚಿಕೊಂಡು ಇರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೂಲದಲ್ಲಿ ಹಾಗಿಲ್ಲ.

ಸ್ಟೋಯಿಕ್ ಆಗಿದ್ದ ರೋಮ್‌ನ ಚಕ್ರವರ್ತಿ ಮಾರ್ಕಸ್ ಆರೀಲಿಯಸ್ (ಆಳ್ವಿಕೆ ಕ್ರಿ.ಶ. 161–180) ತನಗೋಸ್ಕರ ಗ್ರೀಕ್‌ನಲ್ಲಿ ಟಿಪ್ಪಣಿ ಬರೆದಿಟ್ಟುಕೊಂಡಿದ್ದ. ಅದರ ಎರಡನೇ ಭಾಗ ಶುರುವಾಗುವುದೇ ಹೀಗೆ: ಇವತ್ತು ಮೂಗು ತೂರಿಸುವವರು, ಉಪಕಾರ ಮರೆಯುವವರು, ಸೊಕ್ಕಿನವರು, ಹೊಟ್ಟೆಕಿಚ್ಚಿನವರು ಸಿಗುತ್ತಾರೆ, ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲದೆ ಹೀಗಾಗಿದ್ದಾರೆ. ಇಲ್ಲಿಗೇ ಓದು ನಿಲ್ಲಿಸಿದರೆ ಜನರ ಮೇಲೆ ಬೇಸರ ಜಾಸ್ತಿ ಆಗುತ್ತದೆ, ಅಲ್ವಾ? ಅವನು ನಿಲ್ಲಿಸುವುದಿಲ್ಲ. ಕೈಕಾಲುಗಳ ಹಾಗೆ, ಮೇಲಿನ ಕೆಳಗಿನ ಹಲ್ಲುಸಾಲಿನ ಹಾಗೆ ನಾವು ಕೂಡಿ ಕೆಲಸ ಮಾಡಲು ಹುಟ್ಟಿದವರು ಅನ್ನುತ್ತಾನೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆರನೇ ಭಾಗದ ಕುಸ್ತಿಯ ಮಾತು. ಅಭ್ಯಾಸದಲ್ಲಿ ಜೊತೆಗಾರ ಉಗುರಿನಿಂದ ಗೀರಿದರೆ, ತಲೆಯಿಂದ ಗುದ್ದಿದರೆ ನಾವು ಅವನನ್ನು ಶತ್ರು ಅನ್ನುವುದಿಲ್ಲ. ಹುಷಾರಾಗಿ ಪಕ್ಕಕ್ಕೆ ಸರಿಯುತ್ತೇವೆ, ಅಷ್ಟೇ. ಬದುಕಿನಲ್ಲೂ ಹಾಗೇ ಇರು ಅನ್ನುತ್ತಾನೆ. ಅಂದರೆ ದೂರ ಇಡುವುದು ತಪ್ಪಲ್ಲ, ದ್ವೇಷ ಬೇಡ. ಫೋನ್ ಮಾಡಿದಾಗೆಲ್ಲ ಚುಚ್ಚುವ ನೆಂಟರ ಹತ್ತಿರ ಎರಡು ಮಾತಾಡಿ ಇಟ್ಟುಬಿಡಬಹುದು. ಆದರೆ ಇಟ್ಟ ಮೇಲೆ ರಾತ್ರಿ ಪಾತ್ರೆ ತೊಳೆಯುವಾಗಲೂ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದರೆ, ನಾವಿನ್ನೂ ಸರಿದಿಲ್ಲ ಅಂತ ಅರ್ಥ.

ಇದು ಸುಮ್ನೆ ಬರೆದ ಮಾತಲ್ಲ. 175ರಲ್ಲಿ ಸೇನಾಪತಿ ಅವಿಡಿಯಸ್ ಕ್ಯಾಸಿಯಸ್ ದಂಗೆ ಎದ್ದು ತಾನೇ ಚಕ್ರವರ್ತಿ ಅಂದುಕೊಂಡ. ಮಾರ್ಕಸ್ ಅವನ ವಿರುದ್ಧ ಹೊರಡಲು ಸಿದ್ಧನಾದ. ಅಷ್ಟರಲ್ಲಿ ಕ್ಯಾಸಿಯಸ್‌ನ ಕಡೆಯವರೇ ಅವನನ್ನು ಕೊಂದು ತಲೆ ಕಳಿಸಿದರು. ಅದನ್ನು ನೋಡಲೂ ಒಪ್ಪದೆ ಮಾರ್ಕಸ್ ಹೂಳಿಸಿದ ಅಂತ ಇತಿಹಾಸಕಾರ ಡಿಯೊ ಬರೆದಿದ್ದಾನೆ.

ದೂರ ಇಡಲು ಆಗದ ಮನೆಯವರಾದರೆ? ಅಲ್ಲಿ ಎಪಿಕ್ಟೀಟಸ್ ಬೇಕು. ಗುಲಾಮನಾಗಿದ್ದು ಆಮೇಲೆ ಸ್ಟೋಯಿಕ್ ಗುರುವಾದವನು. ಅವನ ಪಾಠಗಳನ್ನು ಶಿಷ್ಯ ಆರಿಯನ್ ಬರೆದಿಟ್ಟ. ಪ್ರತಿಯೊಂದಕ್ಕೂ ಎರಡು ಹಿಡಿಕೆ ಇದೆ, ಒಂದನ್ನು ಹಿಡಿದರೆ ಮಾತ್ರ ಎತ್ತಲು ಬರುತ್ತದೆ ಅನ್ನುತ್ತಾನೆ ಅವನು. ಒಡಹುಟ್ಟಿದವನು ಅನ್ಯಾಯ ಮಾಡಿದಾಗ 'ಅನ್ಯಾಯ ಮಾಡಿದ' ಅನ್ನುವ ಕಡೆ ಹಿಡಿಯಬೇಡ, 'ಜೊತೆಗೆ ಬೆಳೆದವನು' ಅನ್ನುವ ಕಡೆ ಹಿಡಿ.

ಹಾಗಂತ ಆಸ್ತಿಯ ಪಾಲು ಬಿಟ್ಟುಕೊಡಬೇಕಿಲ್ಲ. ನ್ಯಾಯವೂ ಸ್ಟೋಯಿಕರ ನಾಲ್ಕು ಮುಖ್ಯ ಗುಣಗಳಲ್ಲಿ ಒಂದು. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಿದ್ದರೆ ಹಿಡಿಕೆ ಹುಡುಕುತ್ತಾ ಕೂರಬೇಡಿ. ಮೊದಲು ಅಲ್ಲಿಂದ ಹೊರಗೆ ಬನ್ನಿ, ಸಹಾಯ ಕೇಳಿ.