ಈಗಿನ ಹಿಪ್ ಹಾಪ್‌ನಲ್ಲಿ ಉಳಿಯುವಂಥದ್ದು ಏನಿದೆ?

ಪ್ರಶ್ನೆ: 90ರ ದಶಕದ ರ‍್ಯಾಪ್ ಕೇಳಿ ಬೆಳೆದವನು ನಾನು. ಮಗ ಟ್ರ್ಯಾಪ್ ಎಂಬ ಈಗಿನ ಬಗೆಯ ರ‍್ಯಾಪ್ ಕೇಳುತ್ತಾನೆ, ಲ್ಯಾಪ್‌ಟಾಪಿನಲ್ಲಿ ತಾನೇ ಬೀಟ್ (ಹಾಡಿನ ಹಿಂದಿನ ವಾದ್ಯಸಂಗೀತ) ಕೂಡ ಕಟ್ಟುತ್ತಾನೆ. ನನ್ನ ಕಿವಿಗೆ ಎಲ್ಲ ಹಾಡೂ ಒಂದೇ ಥರ. ಇದರಲ್ಲಿ ಸೃಜನಶೀಲತೆ ಎಲ್ಲಿದೆ? ಇಪ್ಪತ್ತು ವರ್ಷ ಕಳೆದ ಮೇಲೆ ಯಾರಾದರೂ ಕೇಳುತ್ತಾರೆಯೇ?

ಉತ್ತರ: ಮೊದಲು ಮಗನ ಇಷ್ಟದ ಹಾಡನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳುವುದನ್ನು ಬಿಟ್ಟು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಟ್ರ್ಯಾಪ್‌ನ ಜೀವಾಳ 40ರಿಂದ 60 ಹರ್ಟ್ಸ್ ಆಸುಪಾಸಿನ ಬಾಸ್. ಅಷ್ಟು ಕೆಳಗಿನ ದನಿ ಮೊಬೈಲಿನಿಂದ ಹೊರಡುವುದೇ ಇಲ್ಲ. ಉಳಿದದ್ದು ಚಿಟಿಚಿಟಿ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಮಾತ್ರ, ಅದು ಎಲ್ಲ ಹಾಡಿನಲ್ಲೂ ಒಂದೇ ಥರ ಕೇಳಿಸಿದರೆ ಆಶ್ಚರ್ಯವಿಲ್ಲ.

ಆ ಬಾಸ್‌ನ ಮೂಲ ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರ. 1980ರಲ್ಲಿ ಬಂತು, 1983ಕ್ಕೆಲ್ಲ ತಯಾರಿಕೆ ನಿಂತಿತು. ಅದರ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಸದ್ದನ್ನು ಉದ್ದಕ್ಕೆ ಎಳೆದು, ಹಾಡಿನ ಶ್ರುತಿಗೆ ಕೂರಿಸಿ, ಡ್ರಮ್ಮನ್ನೇ ಬಾಸ್ ಗಿಟಾರಿನಂತೆ ನುಡಿಸುತ್ತಾರೆ. ಕೆಡುವುದೂ ಇಲ್ಲೇ. ಶ್ರುತಿ ಸೇರದಿದ್ದರೆ ಇಡೀ ಹಾಡು ಅಪಸ್ವರ. ಒಂದು ಸ್ವರದ ಬಾಲ ಮುಗಿಯುವ ಮೊದಲೇ ಮುಂದಿನದು ಬಿದ್ದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಹೊಸ ಸ್ವರ ಬಂದೊಡನೆ ಹಳೆಯದನ್ನು ಕತ್ತರಿಸುತ್ತಾರೆ. ಚಿಕ್ಕ ಸ್ಪೀಕರಿನಲ್ಲೂ ಸುಳಿವು ಸಿಗಲೆಂದು ಸ್ವಲ್ಪ ಡಿಸ್ಟಾರ್ಶನ್ (ಸದ್ದಿನ ಒಡಕು) ಬೆರೆಸುತ್ತಾರೆ.

ಇನ್ನು ಲಯ. ಕಂಪ್ಯೂಟರಿನಲ್ಲಿ ನಿಮಿಷಕ್ಕೆ 140 ಬಡಿತ ಎಂದಿರುತ್ತದೆ, ಸ್ನೇರ್ ಡ್ರಮ್ಮಿನ ಗಟ್ಟಿ ಏಟು ಮೂರನೆಯ ಬಡಿತಕ್ಕೆ ಬೀಳುವುದರಿಂದ ತಲೆ ಮಾತ್ರ 70ರ ವೇಗದಲ್ಲಿ ಆಡುತ್ತದೆ. ಈ ಎರಡು ವೇಗಗಳ ನಡುವಿನ ಜಾಗದಲ್ಲೇ ರ‍್ಯಾಪರ್ ಆಟವಾಡುವುದು. ಮೃದಂಗದ ಪಾಠ ಕೇಳಿದವರಿಗೆ ಇದು ಹೊಸದಲ್ಲ. ಕೈಯಲ್ಲಿ ತಾಳ ಬದಲಿಸದೆ, ಒಂದೊಂದು ಏಟಿಗೆ ಮೊದಲು ‘ತಕಧಿಮಿ’ ಹೇಳಿ, ಆಮೇಲೆ ‘ತಕಿಟ’ ಹೇಳಿ ನೋಡಿ. ಆ ತಿಶ್ರ ನಡೆಯನ್ನೇ ಟ್ರಿಪ್ಲೆಟ್ ಫ್ಲೋ ಅನ್ನುತ್ತಾರೆ. 2013ರ ಹೊತ್ತಿಗೆ ಅಟ್ಲಾಂಟಾ ಕಡೆಯ ಮಿಗೋಸ್ ತಂಡ ಇದನ್ನು ಎಲ್ಲರ ಬಾಯಿಗೂ ತಂದಿತು. ಆದರೆ ಮೆಂಫಿಸ್‌ನ ತ್ರೀ 6 ಮಾಫಿಯಾ 90ರ ದಶಕದಲ್ಲೇ, ಅಂದರೆ ನಿಮ್ಮ ಕಾಲದಲ್ಲೇ, ಹೀಗೆ ಹಾಡುತ್ತಿತ್ತು.

ನೀವು ಮೆಚ್ಚುವ ಕುಸುರಿ ಬೇರೆ ಜಾಗದಲ್ಲಿತ್ತು. 1987ರಲ್ಲಿ ಬಂದ ಇ-ಮು ಎಸ್‌ಪಿ-1200 ಸ್ಯಾಂಪ್ಲರಿನಲ್ಲಿ (ಹಳೆಯ ರೆಕಾರ್ಡಿನ ತುಣುಕು ಹಿಡಿದು ಮತ್ತೆ ನುಡಿಸುವ ಯಂತ್ರ) ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು ಹಿಡಿಯುತ್ತಿತ್ತು, ಒಂದು ತುಣುಕಿಗೆ ಹೆಚ್ಚೆಂದರೆ 2.5 ಸೆಕೆಂಡು. ನಿಮಿಷಕ್ಕೆ 90 ಬಡಿತದ ಹಾಡಿನಲ್ಲಿ ನಾಲ್ಕು ಬಡಿತದ ಒಂದು ಸುತ್ತಿಗೆ 2.67 ಸೆಕೆಂಡು ಬೇಕು, ಹಿಡಿಸದು. ಅದಕ್ಕೆ ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಎರಡು ಸೆಕೆಂಡಿನೊಳಗೆ ತುಂಬಿಸಿ, ಆಮೇಲೆ ಯಂತ್ರದಲ್ಲಿ ನಿಧಾನಗೊಳಿಸುತ್ತಿದ್ದರು. 12 ಬಿಟ್‌ನ ಒರಟು ನಿಖರತೆಯ ಆ ಯಂತ್ರದಲ್ಲಿ ಹೀಗೆ ಎಳೆದಾಗ ಸದ್ದಿಗೆ ಒಂದು ತರಿತರಿ ಬರುತ್ತಿತ್ತು. ಆ ಕಾಲದ ಹಾಡುಗಳ ಘಮ ಅಂತ ನಾವು ಅಂದುಕೊಂಡಿರುವುದರಲ್ಲಿ ಈ ಇಕ್ಕಟ್ಟಿನ ಪಾಲು ದೊಡ್ಡದು.

ಆ ದಾರಿ ಮುಚ್ಚಿದ್ದಕ್ಕೆ ಹುಡುಗರ ಸೋಮಾರಿತನ ಕಾರಣವಲ್ಲ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಅನುಮತಿಯಿಲ್ಲದೆ ಗಾಯಕ ಗಿಲ್ಬರ್ಟ್ ಒ’ಸಲಿವನ್ ಹಾಡಿನ ತುಣುಕು ಬಳಸಿದ ರ‍್ಯಾಪರ್ ಬಿಜ಼್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಂದ ಪ್ರತಿ ತುಣುಕಿಗೂ ಎರಡು ಒಪ್ಪಿಗೆ ಬೇಕೇ ಬೇಕು ಎಂಬಂತಾಯಿತು: ಧ್ವನಿಮುದ್ರಣದ ಒಡೆಯರದು ಒಂದು, ರಚನೆಯ ಹಕ್ಕುದಾರರದು ಇನ್ನೊಂದು. ಒಂದೇ ಹಾಡಿನಲ್ಲಿ ಹತ್ತಾರು ರೆಕಾರ್ಡು ಪೋಣಿಸುವುದು ದುಡ್ಡಿದ್ದವರಿಗಷ್ಟೇ ಸಾಧ್ಯವಾಯಿತು.

ತಲೆಮಾರಿನ ಜಗಳವೂ ಹಳೆಯದೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡು ನುಡಿಸಿದ ಪಾರ್ಟಿಯಿಂದ ಈ ಸಂಗೀತದ ಲೆಕ್ಕ ಶುರುವಾಗುತ್ತದೆ. ಅವರ ಕೌಶಲವೆಂದರೆ ಬೇರೆಯವರ ರೆಕಾರ್ಡಿನ ಡ್ರಮ್ ಭಾಗವನ್ನು ಹಿಗ್ಗಿಸಿದ್ದು. ಅದನ್ನು ಸಂಗೀತವೆಂದು ಒಪ್ಪದ ಹಿರಿಯರು ಆಗಲೂ ಇದ್ದರು. 2006ರಲ್ಲಿ ರ‍್ಯಾಪರ್ ನಾಸ್ ಹಿಪ್ ಹಾಪ್ ಸತ್ತಿದೆ ಎಂದು ಆಲ್ಬಮ್ಮಿಗೇ ಹೆಸರಿಟ್ಟರು. 2008ರಲ್ಲಿ ಹಿರಿಯ ರ‍್ಯಾಪರ್ ಐಸ್-ಟಿ ಅದರ ಸಾವಿನ ಹೊಣೆಯನ್ನು ಹದಿಹರೆಯದ ರ‍್ಯಾಪರ್ ಸೋಲ್ಜಾ ಬಾಯ್ ತಲೆಗೆ ಕಟ್ಟಿದರು.

ಆದರೂ ನಿಮ್ಮ ದೂರಿನಲ್ಲಿ ಹುರುಳಿದೆ. ಈಗ ಬೀಟ್ ಬಾಡಿಗೆಗೆ ಸಿಗುತ್ತದೆ, ಒಂದೇ ಬೀಟನ್ನು ನೂರಾರು ಜನ ಪಡೆಯಬಹುದು. ಸಿದ್ಧ ಲೂಪುಗಳ (ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು) ಕಟ್ಟು ಕೂಡ ಹಾಗೆಯೇ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, ಆದ್ದರಿಂದ ಪೀಠಿಕೆ ಮಾಯವಾಗಿ ಹಾಡು ಗಿಡ್ಡವಾಗಿದೆ. ಲಿಲ್ ನಾಸ್ ಎಕ್ಸ್ 30 ಡಾಲರಿನ ಬೀಟ್ ಕೊಂಡು ಮಾಡಿದ, ಎರಡು ನಿಮಿಷವೂ ಇಲ್ಲದ ಹಾಡು ಬೇರೊಬ್ಬ ಗಾಯಕರ ದನಿ ಸೇರಿಸಿಕೊಂಡು 2019ರಲ್ಲಿ 19 ವಾರ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. ಹಾಗೆ ಗೆದ್ದದ್ದು ಒಂದಾದರೆ, ಅದೇ ಅಚ್ಚಿನಲ್ಲಿ ಬಿದ್ದು ಮರೆಯಾದವು ಲೆಕ್ಕವಿಲ್ಲದಷ್ಟು. ನಿಮ್ಮ 90ರ ದಶಕದ ಸಾಧಾರಣ ಹಾಡುಗಳೂ ಹಾಗೇ ಮರೆಯಾಗಿವೆ. ನೆನಪಿನಲ್ಲಿರುವುದು ಆಯ್ದ ಕಾಳು ಮಾತ್ರ.

ಯಾವುದು ಉಳಿಯುತ್ತದೆ ಎಂಬುದು ಹಾಡು ಹೊರಬಂದ ವರ್ಷ ಗೊತ್ತಾಗುವುದಿಲ್ಲ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಒಂದು ರೆಕಾರ್ಡಿನ ಹಿಂಬದಿಯಲ್ಲಿ ಗ್ರೆಗೊರಿ ಕೋಲ್‌ಮನ್ ನುಡಿಸಿದ ಏಳು ಸೆಕೆಂಡಿನಷ್ಟು ಡ್ರಮ್ಮು, ಮುಂದೆ ಸಾವಿರಾರು ಹಾಡುಗಳಿಗೆ ಅಡಿಪಾಯವಾಯಿತು. ಅವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ ಎನ್ನುವುದು ಈ ಸಂಗೀತದ ತೀರದ ಋಣ. ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ, ಯಂತ್ರದ ಲೆಕ್ಕಕ್ಕೆ ಸರಿಯಾಗಿ ಕೂರಿಸದೆ, ಬೆರಳು ಬಿದ್ದ ಕಡೆಗೇ ಬಿಟ್ಟ ಡ್ರಮ್ಮು ತಪ್ಪಿನಂತೆ ಕೇಳಿಸಬಹುದಿತ್ತು. ಅವರು 2006ರಲ್ಲಿ ತೀರಿಕೊಂಡರು, ಅವರ ಎಂಪಿಸಿ ಎಂಬ ಬೀಟ್ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರಿಗೆ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು, ಶಾಸ್ತ್ರೀಯ ಮತ್ತು ಜಾಜ಼್ ಬಿಟ್ಟು ಬೇರೆ ಸಂಗೀತಕ್ಕೆ ಅದು ಸಂದದ್ದು ಅದೇ ಮೊದಲು.

ಒಳ್ಳೆಯದಾಗಿದ್ದ ಮಾತ್ರಕ್ಕೆ ಉಳಿಯುತ್ತದೆ ಎಂದೂ ಇಲ್ಲ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ಮನ್ನು ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿದ್ದಾಗಲೂ ಅದು ಸ್ಟ್ರೀಮಿಂಗಿನಲ್ಲಿ ಇರಲಿಲ್ಲ. ಸ್ಯಾಂಪಲ್ ಹಕ್ಕುಗಳ ತೊಡಕಿನಿಂದ ಅದು ಅಲ್ಲಿಗೆ ಬಂದದ್ದು 2023ರ ಮಾರ್ಚ್ 3ರಂದು. ಆದ್ದರಿಂದ ಮಗ ಬೀಟ್ ಮುಗಿಸಿದಾಗ ಬಾಸ್, ಡ್ರಮ್, ಸ್ವರ, ದನಿ ಒಂದೊಂದನ್ನೂ ಬೇರೆ ಬೇರೆ 24 ಬಿಟ್ ವೇವ್ ಫೈಲಾಗಿ ಉಳಿಸಲಿ. ಎಲ್ಲ ಫೈಲೂ ಹಾಡಿನ ಒಂದೇ ಆರಂಭಬಿಂದುವಿನಿಂದ ಶುರುವಾಗಲಿ, ಹೆಸರಿನಲ್ಲಿ ವೇಗ ಮತ್ತು ಶ್ರುತಿ ಇರಲಿ. ಸಾಫ್ಟ್‌ವೇರ್ ಬದಲಾದರೆ ಹಳೆಯ ಪ್ರಾಜೆಕ್ಟ್ ತೆರೆಯದೆ ಹೋಗಬಹುದು, ವೇವ್ ಫೈಲಿಗೆ ಆ ಭಯವಿಲ್ಲ. ಕೊಂಡ ಲೂಪಿನ ಪರವಾನಗಿ ಪತ್ರವೂ ಅದೇ ಫೋಲ್ಡರಿನಲ್ಲಿರಲಿ.