ಟ್ಯಾಂಕು ತುಂಬಿದ್ದರೂ ಕೂಗುವ ಬಜರ್

ಕಬಿನಿ ಹಿನ್ನೀರಿನಲ್ಲಿ ಬೋಟು ನಡೆಸುವ ಪರಿಚಿತರೊಬ್ಬರು, ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಮೈಸೂರಿಗೆ ಬಂದವರು, ತಮ್ಮ ಔಟ್‌ಬೋರ್ಡ್ ಎಂಜಿನ್ನಿನ, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್ನಿನ, ಕಷ್ಟವನ್ನು ಹೇಳಿಕೊಂಡರು. ಆಯಿಲ್ ಟ್ಯಾಂಕು ಕಂಠದವರೆಗೆ ತುಂಬಿದೆ. ಆದರೂ ಕೀಲಿ ತಿರುಗಿಸಿದೊಡನೆ ಆಯಿಲ್ ಮುಗಿದಿದೆಯೆಂದು ಬಜರ್ ಕೂಗಲು ಶುರುಮಾಡುತ್ತದೆ. ಸೆನ್ಸರ್ ಕೆಟ್ಟಿರಬೇಕೆಂದು ಯಾರೋ ಹೇಳಿದ ಮೇಲೆ ಹೊಸದೊಂದನ್ನು ತರಿಸಿ ಹಾಕಿದ್ದೂ ಆಗಿತ್ತು. ಕೂಗು ನಿಂತಿರಲಿಲ್ಲ. "ಆ ವೈರ್ನೇ ಕತ್ತರಿಸಿಬುಟ್ರೆ ಸದ್ದೇ ಇರಕಿಲ್ಲ, ಅಲ್ವಾ ಸಾ?" ಎಂದು ಅವರು ಕೇಳಿದರು. ಸದ್ದು ಇರುವುದಿಲ್ಲ, ನಿಜ. ಎಂಜಿನ್ನು ಎಷ್ಟು ದಿನ ಇರುತ್ತದೆ ಎಂಬುದು ಬೇರೆಯ ಪ್ರಶ್ನೆ.

ಅವರದು ಟೂ ಸ್ಟ್ರೋಕ್ ಎಂಜಿನ್. ಮೈಸೂರಿನವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. 1960ರ ದಶಕದ ಆರಂಭದಿಂದ 1996ರವರೆಗೆ ಈ ಊರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳೆಲ್ಲ ಇದೇ ಜಾತಿಯವು, ಮತ್ತು ಪೆಟ್ರೋಲ್ ಹಾಕಿಸುವಾಗ ಅದರ ಜೊತೆಗೆ ಅಳತೆ ಮಾಡಿ ಆಯಿಲನ್ನೂ ಸುರಿಸುತ್ತಿದ್ದುದು ಇಲ್ಲಿನ ಹಳೆಯ ಸವಾರರಿಗೆಲ್ಲ ನೆನಪಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಆಯಿಲ್ ನಿಂತಿರುತ್ತದೆ, ಸುತ್ತಿ ಬಂದು ಮತ್ತೆ ಅಲ್ಲಿಗೇ ಇಳಿಯುತ್ತದೆ. ಟೂ ಸ್ಟ್ರೋಕಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಕ್ರ್ಯಾಂಕ್ ಇರುವ ಆ ತಳದ ಗೂಡಿನ ಮೂಲಕವೇ ಹಾಯ್ದುಹೋಗಬೇಕಾದುದರಿಂದ ಅಲ್ಲಿ ಆಯಿಲ್ ನಿಲ್ಲಿಸಿಕೊಳ್ಳುವಂತಿಲ್ಲ. ಅದು ಪೆಟ್ರೋಲಿನ ಜೊತೆಯಲ್ಲೇ ಬಂದು, ಬೇರಿಂಗುಗಳನ್ನೂ ಪಿಸ್ಟನ್ನನ್ನೂ ತೋಯಿಸಿ, ಕೊನೆಗೆ ಉರಿದು ಹೊಗೆಯಾಗಿ ಹೋಗುತ್ತದೆ. ಬಂದಷ್ಟೇ ಉಂಟು, ಕೂಡಿಟ್ಟದ್ದು ಏನೂ ಇಲ್ಲ. ಪೂರೈಕೆ ನಿಂತರೆ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು.

ದೊಡ್ಡ ಔಟ್‌ಬೋರ್ಡುಗಳಲ್ಲಿ ಕೈಯಿಂದ ಬೆರೆಸುವ ತೊಂದರೆಯನ್ನು ತಪ್ಪಿಸಲು ಆಯಿಲಿಗೆ ಪ್ರತ್ಯೇಕ ಟ್ಯಾಂಕು ಮತ್ತು ಪಂಪು ಇರುತ್ತವೆ. ಪೂರ್ತಿ ವೇಗದಲ್ಲಿ ಸುಮಾರು 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲನ್ನೂ, ನಿಧಾನಗತಿಯಲ್ಲಿ 100 ಪಾಲಿಗೆ 1ರಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಪಂಪು ಒದಗಿಸುತ್ತದೆ. ಟ್ಯಾಂಕು ಬರಿದಾಗುವ ಮುನ್ನ ಎಚ್ಚರಿಸಲೆಂದು ಇರುವುದೇ ಈ ಸೆನ್ಸರ್. ಕೆಲವು ಮಾದರಿಗಳಲ್ಲಿ ಅದು ಬಜರನ್ನು ಕೂಗಿಸುವುದಲ್ಲದೆ ಎಂಜಿನ್ನಿನ ವೇಗವನ್ನೂ ನಿಮಿಷಕ್ಕೆ ಸುಮಾರು 2000 ಸುತ್ತಿಗೆ ಕಟ್ಟಿಹಾಕುತ್ತದೆ.

ಮಂಡ್ಯ ಸೀಮೆಯ ರೈತರು ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದೊಡನೆ ಕನ್ನಂಬಾಡಿ ಕಟ್ಟೆಯ ಮಟ್ಟ ನೋಡುತ್ತಾರೆ, 124.80 ಅಡಿಗೆ ಇನ್ನೆಷ್ಟು ಬಾಕಿ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಆಯಿಲ್ ಸೆನ್ಸರಿನಿಂದ ಅಂಥ ಅಂಕಿಯನ್ನು ನಿರೀಕ್ಷಿಸುವಂತಿಲ್ಲ. ಅದಕ್ಕೆ ಗೊತ್ತಿರುವುದು ಇದೆ, ಇಲ್ಲ ಎಂಬ ಎರಡೇ ಮಾತು. ಅದೂ ಆಯಿಲನ್ನು ಕುರಿತಲ್ಲ, ಒಂದು ಅಯಸ್ಕಾಂತವನ್ನು ಕುರಿತು. ಟ್ಯಾಂಕಿನೊಳಗೆ ನಿಂತಿರುವ ಪ್ಲಾಸ್ಟಿಕ್ ಕೊಳವೆಯ ಸುತ್ತ ಒಂದು ತೇಲುಬಿಲ್ಲೆ ಏರಿ ಇಳಿಯುತ್ತಿರುತ್ತದೆ; ಬಿಲ್ಲೆಯಲ್ಲಿ ಅಯಸ್ಕಾಂತ, ಕೊಳವೆಯೊಳಗೆ ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್ವುಡ್ ರೂಪಿಸಿದ ಈ ಸ್ವಿಚ್ಚಿನಲ್ಲಿ ಇರುವುದು ಮುಚ್ಚಿದ ಗಾಜಿನ ನಳಿಗೆ ಮತ್ತು ಅದರೊಳಗೆ ಒಂದನ್ನೊಂದು ಮುಟ್ಟದಂತೆ ಎದುರುಬದುರಾಗಿ ಚಾಚಿದ, ನಿಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಎರಡು ತೆಳ್ಳನೆಯ ಪಟ್ಟಿಗಳು ಮಾತ್ರ. ಅಯಸ್ಕಾಂತ ಹತ್ತಿರ ಬಂದರೆ ಪಟ್ಟಿಗಳು ಪರಸ್ಪರ ಸೆಳೆದು ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡಿಸಿಕೊಳ್ಳುತ್ತವೆ. ಆಯಿಲಿನ ಸೋಂಕು ವಿದ್ಯುತ್ತಿನ ಭಾಗಕ್ಕೆ ತಗಲುವುದೇ ಇಲ್ಲ. ಇಷ್ಟು ಸರಳವಾದ, ಇಷ್ಟು ಬಾಳಿಕೆಯ ವಸ್ತು ಎಂಜಿನ್ನಿನಲ್ಲಿ ಬೇರೆ ಇರಲಾರದು ಎನ್ನುವುದು ನನ್ನ ಅಭಿಪ್ರಾಯ. ಮೊದಲ ಅನುಮಾನ ಯಾವಾಗಲೂ ಇದರ ಮೇಲೆಯೇ ಬೀಳುವುದು ವಿಚಿತ್ರ.

ಹಾಗೆಂದು ಅದು ಕೆಡುವುದೇ ಇಲ್ಲವೆಂದಲ್ಲ. ಬಹಳ ಕಾಲ ನಿಂತ ಆಯಿಲಿನ ಜಿಡ್ಡು ಕೊಳವೆಗೆ ಅಂಟಿ ಬಿಲ್ಲೆಯನ್ನು ಹಿಡಿದುಕೊಳ್ಳಬಹುದು. ಬಿಲ್ಲೆ ಬಿರುಕುಬಿಟ್ಟು ಆಯಿಲ್ ಹೀರಿಕೊಂಡರೆ ತೇಲುವ ಬದಲು ತಳ ಸೇರುತ್ತದೆ. ಆಗ ಟ್ಯಾಂಕು ಎಷ್ಟೇ ತುಂಬಿದ್ದರೂ ಅಯಸ್ಕಾಂತ ಕೆಳಗೇ ಇರುವುದರಿಂದ ಬಜರ್ ಕೂಗುತ್ತದೆ, ಮತ್ತು ತನ್ನ ಮಟ್ಟಿಗೆ ಅದು ಸರಿಯಾಗಿಯೇ ಕೂಗುತ್ತದೆ. ಮುಚ್ಚಳದ ಸಂದಿಯಿಂದ ಮಳೆನೀರು ಒಳಹೊಕ್ಕರೆ ಆಗುವುದು ಇನ್ನೂ ಕೆಟ್ಟದ್ದು. ನೀರು ಆಯಿಲಿಗಿಂತ ಭಾರವಾದುದರಿಂದ ತಳಕ್ಕೆ ಇಳಿದು, ಮೇಲೆ ಆಯಿಲನ್ನು ಹೊತ್ತು ನಿಲ್ಲುತ್ತದೆ. ಬಿಲ್ಲೆ ಎತ್ತರದಲ್ಲೇ ತೇಲುತ್ತಿರುವುದರಿಂದ ಬಜರ್ ಸುಮ್ಮನಿರುತ್ತದೆ, ತಳದಿಂದ ಹೀರುವ ಪಂಪಿಗೆ ಮಾತ್ರ ಸಿಗುವುದು ನೀರು.

ಪರಿಚಿತರ ಬೋಟಿನ ವಿಷಯಕ್ಕೆ ಬಂದರೆ, ಅಲ್ಲಿ ಮೊದಲು ತಿಳಿಯಬೇಕಾದದ್ದು ಸ್ವಿಚ್ಚಿನ ಸ್ವಭಾವ. ಆಯಿಲ್ ಇಳಿದಾಗ ಸರ್ಕ್ಯೂಟು ಕೂಡುವಂತೆ ಕೆಲವು ಎಂಜಿನ್ನುಗಳನ್ನು ಮಾಡಿರುತ್ತಾರೆ, ಆಯಿಲ್ ಇಳಿದಾಗ ಕಡಿಯುವಂತೆ ಇನ್ನು ಕೆಲವನ್ನು. ಕೂಡುವ ಬಗೆಯಲ್ಲಿ ತಂತಿಯ ಹೊದಿಕೆ ಸವೆದು ಎಂಜಿನ್ನಿನ ಲೋಹಕ್ಕೆ ತಾಗಿದರೂ ಸರ್ಕ್ಯೂಟು ಕೂಡಿಬಿಡುತ್ತದೆ, ಅದು ಸುಳ್ಳು ಕೂಗು. ತಂತಿ ತುಂಡಾದರೆ ಮೌನ, ಅಂದರೆ ಆಯಿಲ್ ನಿಜವಾಗಿ ಮುಗಿದ ದಿನವೂ ಮೌನ. ಕಡಿಯುವ ಬಗೆಯಲ್ಲಿ ಇದೆಲ್ಲ ತಿರುವುಮುರುವು: ತಂತಿ ತುಂಡಾದೊಡನೆ ಕೂಗುತ್ತದೆ. ನನಗೆ ಕೇಳಿದರೆ ಎರಡನೆಯದೇ ಪ್ರಾಮಾಣಿಕ ವಿನ್ಯಾಸ, ಏಕೆಂದರೆ ತನ್ನ ಗಾಯವನ್ನೂ ಅದು ತಾನೇ ಹೇಳಿಕೊಳ್ಳುತ್ತದೆ. ಯಾವ ಎಂಜಿನ್ನಿನಲ್ಲಿ ಯಾವ ಬಗೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಇವರದು ಕೂಡುವ ಬಗೆ.

ಇಷ್ಟು ಗೊತ್ತಾದ ಮೇಲೆ ಒಂದೇ ಕ್ರಿಯೆಯಿಂದ ಅನುಮಾನದ ಅರ್ಧ ಭಾಗವನ್ನು ಕಳೆಯಬಹುದು. ಸೆನ್ಸರಿನ ಕನೆಕ್ಟರನ್ನು ಬಿಚ್ಚಿ ಕೀಲಿ ತಿರುಗಿಸಿದಾಗ ಕೂಗು ನಿಂತರೆ ದೋಷ ಟ್ಯಾಂಕಿನ ಕಡೆ ಇದೆ. ನಿಲ್ಲದಿದ್ದರೆ ಸೆನ್ಸರು ನಿರಪರಾಧಿ, ದೋಷ ಕನೆಕ್ಟರಿನಿಂದ ಬಜರಿನವರೆಗಿನ ದಾರಿಯಲ್ಲಿ ಎಲ್ಲೋ ಇದೆ. ಹಿನ್ನೀರಿನ ದಡದಲ್ಲಿ ನಾವು ಕನೆಕ್ಟರ್ ಬಿಚ್ಚಿದೆವು. ಬಜರ್ ಕೂಗುತ್ತಲೇ ಇತ್ತು. ಹೊಸ ಸೆನ್ಸರಿಗೆ ಸುರಿದ ದುಡ್ಡು ಅವರ ಮುಖದ ಮೇಲೆ ಒಮ್ಮೆ ಹಾದುಹೋಯಿತು.

ಆಮೇಲಿನದು ಬೆರಳು ಮತ್ತು ತಾಳ್ಮೆಯ ಕೆಲಸ. ಔಟ್‌ಬೋರ್ಡ್ ಎಂಜಿನ್ನು ಕಾರಿನದರಂತೆ ಒಂದೆಡೆ ಕುಳಿತಿರುವುದಿಲ್ಲ. ಬೋಟು ತಿರುಗಿಸುವಾಗ ಅತ್ತಿತ್ತ ಹೊರಳುತ್ತದೆ, ದಡಕ್ಕೆ ಬಂದಾಗ ಮೇಲಕ್ಕೆ ವಾಲುತ್ತದೆ, ಆ ಪ್ರತಿ ಚಲನೆಯಲ್ಲೂ ತಂತಿಗಳು ಬಾಗಿ ಉಜ್ಜಿಕೊಳ್ಳುತ್ತವೆ. ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡಿತು, ಉಜ್ಜಿ ತೆಗೆದೆವು, ಪ್ರಯೋಜನವಾಗಲಿಲ್ಲ. ಕಡೆಗೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ವಿದ್ಯುತ್ತಿನ ದಾರಿ ಕೂಡಿದ್ದರೆ ಬೀಪ್ ಎನ್ನುವಂತೆ ಇಟ್ಟ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆ ತಂತಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದುಕೊಂಡು ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದೆವು. ಎಂಜಿನ್ನು ವಾಲುವ ಕೀಲಿನ ಹತ್ತಿರ ಬಂದಾಗ ಮೀಟರಿನ ಬೀಪ್ ನಿಂತಿತು, ಬಿಟ್ಟರೆ ಮತ್ತೆ ಬಂತು. ಟೇಪು ಸುತ್ತಿದ್ದ ಕಟ್ಟಿನ ಒಳಮೈಯಲ್ಲಿ, ಹೊರಗಿನಿಂದ ಕಾಣದ ಕಡೆ, ಒಂದು ಅಂಗುಲದಷ್ಟು ಹೊದಿಕೆ ಸವೆದು ತಾಮ್ರ ಲೋಹವನ್ನು ಮುಟ್ಟುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಲವು ಎಂಜಿನ್ನುಗಳಲ್ಲಿ ಬಿಸಿ ಏರಿದುದಕ್ಕೂ ಇದೇ ಬಜರ್ ಕೂಗುತ್ತದೆ, ಕೂಗುವ ಲಯ ಮಾತ್ರ ಬೇರೆ ಇರಬಹುದು. ಹಿನ್ನೀರಿನ ಕಳೆಸಸ್ಯ ತಂಪುನೀರಿನ ಬಾಯಿಗೆ ಕಟ್ಟಿಕೊಂಡಿದ್ದರೆ ಆಯಿಲಿನ ತಂತಿಯನ್ನು ಎಷ್ಟು ಹುಡುಕಿದರೂ ಫಲವಿಲ್ಲ. ಎಂಜಿನ್ನಿನ ಹಿಂಬದಿಯಿಂದ ಚಿಮ್ಮಬೇಕಾದ ನೀರಿನ ಸಣ್ಣ ಧಾರೆಯನ್ನು ಮೊದಲು ನೋಡಬೇಕು. ಹಾಗೆಯೇ, ಟ್ಯಾಂಕು ತುಂಬಿರುವುದು ಎಂಜಿನ್ನಿಗೆ ಆಯಿಲ್ ತಲುಪುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪಂಪು ನಿಂತುಹೋದರೆ ಟ್ಯಾಂಕು ತುಂಬಿಯೇ ಇರುತ್ತದೆ, ಮಟ್ಟದ ಸೆನ್ಸರು ತೃಪ್ತಿಯಿಂದ ಸುಮ್ಮನಿರುತ್ತದೆ. ಟ್ಯಾಂಕಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಹೆಚ್ಚಾಗಿ ಪೂರ್ತಿ ವೇಗದಲ್ಲೇ 25 ಲೀಟರ್ ಪೆಟ್ರೋಲ್ ಸುಟ್ಟ ಮೇಲೆ ಆಯಿಲ್ ಅರ್ಧ ಲೀಟರಿನ ಆಸುಪಾಸು ಇಳಿದಿದೆಯೇ ಎಂದು ನೋಡುವುದು ಇದಕ್ಕಿರುವ ಸುಲಭ ಪರೀಕ್ಷೆ. ಅನುಮಾನವಿರುವಷ್ಟು ದಿನ ಯೆಜ್ಡಿ ಕಾಲದವರಂತೆ ಪೆಟ್ರೋಲಿಗೇ 50ಕ್ಕೆ 1ರಂತೆ ಆಯಿಲ್ ಬೆರೆಸಿಕೊಳ್ಳಬಹುದು. ಪಂಪೂ ಕೆಲಸ ಮಾಡುತ್ತಿದ್ದರೆ ಹೊಗೆ ಹೆಚ್ಚಾಗಿ ಪ್ಲಗ್ಗಿಗೆ ಮಸಿ ಹಿಡಿದೀತು, ಅಷ್ಟೆ.

ಸವೆದ ಭಾಗ ಕತ್ತರಿಸಿ, ಬೆಸೆದು, ಹೊಸ ಹೊದಿಕೆ ತೊಡಿಸಿ, ಕಟ್ಟನ್ನು ಕೀಲಿನಿಂದ ದೂರಕ್ಕೆ ಸರಿಸಿ ಬಿಗಿದ ಮೇಲೆ ಬಜರ್ ಸುಮ್ಮನಾಯಿತು. ಅವರು ಎಂಜಿನ್ನಿನ ಮುಚ್ಚಳ ಹಾಕಲು ಹೊರಟರು. ತಡೆದು, ಸೆನ್ಸರನ್ನು ಟ್ಯಾಂಕಿನಿಂದ ಹೊರಗೆಳೆದು, ತೇಲುಬಿಲ್ಲೆಯನ್ನು ಬೆರಳಿನಿಂದ ಕೆಳಕ್ಕೆ ಜಾರಿಸಿದೆ. ಬಜರ್ ಕೂಗಿತು, ಮೇಲಕ್ಕೆತ್ತಿದಾಗ ನಿಂತಿತು. ಎರಡು ಮೂರು ಸಲ ಅವರೇ ಬಿಲ್ಲೆಯನ್ನು ಏರಿಸಿ ಇಳಿಸಿ ನೋಡಿದ ಮೇಲೆ ಮುಚ್ಚಳ ಹಾಕಿದೆವು.