ಬೆನ್ನಿಗೆ ಗಾಳಿ, ಎಡಕ್ಕೆ ಚಂಡಮಾರುತ

ಲಕ್ಷದ್ವೀಪದ ಕಲ್ಪೇನಿಯ ಪೂರ್ವ ಮತ್ತು ಆಗ್ನೇಯ ದಡದುದ್ದಕ್ಕೂ ಹವಳದ ಕಲ್ಲು, ಚೂರುಗಳ ದೊಡ್ಡದೊಂದು ದಿಬ್ಬವಿದೆ. ಅದನ್ನು ಯಾರೂ ಕಟ್ಟಿದ್ದಲ್ಲ. 1847ರಲ್ಲಿ ಎರಗಿದ ಚಂಡಮಾರುತ ಹವಳವನ್ನು ಕಿತ್ತು ದಡಕ್ಕೆ ಒಟ್ಟಿ ಹೋದ ಗುರುತು ಅದು. ದಿಬ್ಬ ಇರುವುದು ಪೂರ್ವದ ಮಗ್ಗುಲಲ್ಲಿ ಎಂಬುದನ್ನು ಗಮನಿಸಬೇಕು.

ಲಕ್ಷದ್ವೀಪದ 36 ದ್ವೀಪಗಳ ನೆಲವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ಜನ ವಾಸವಿರುವುದು ಹತ್ತರಲ್ಲಿ. ಹೆಚ್ಚಿನ ದ್ವೀಪಗಳು ಬಳೆಯಾಕಾರದ ಹವಳ ದಂಡೆಯ ಪೂರ್ವ ಅಂಚಿನಲ್ಲಿ ಕುಳಿತಿವೆ. ಪಶ್ಚಿಮಕ್ಕೆ ಆಳವಿಲ್ಲದ ತಿಳಿನೀರಿನ ಲಗೂನ್, ಅದರಾಚೆಗೆ ಹವಳ ದಂಡೆ. ಮುಂಗಾರಿನ ದೊಡ್ಡ ಅಲೆಗಳು ನೈಋತ್ಯದಿಂದ ನುಗ್ಗಿ ಬಂದರೂ ಆ ದಂಡೆಗೆ ಬಡಿದು ಒಡೆಯುತ್ತವೆ. ಮನೆಯಂಗಳದ ಹತ್ತಿರ ಬರುವಷ್ಟರಲ್ಲಿ ಅವುಗಳ ಸೊಕ್ಕು ಇಳಿದಿರುತ್ತದೆ. ಪೂರ್ವಕ್ಕೆ ಈ ರಕ್ಷೆಯಿಲ್ಲ. ಅಲ್ಲಿ ದಂಡೆ ದಡಕ್ಕೇ ಅಂಟಿಕೊಂಡಿದೆ, ಅದನ್ನು ದಾಟಿದರೆ ಕಡಲು ಒಮ್ಮೆಲೇ ಆಳ. ವರ್ಷವೂ ಬರುವ ಮಳೆಗಾಲಕ್ಕೆ ದ್ವೀಪಗಳು ಬೆನ್ನು ಕೊಟ್ಟು ನಿಲ್ಲಬಲ್ಲವು. ಪೂರ್ವದಿಂದ ಅಲೆ ಎಬ್ಬಿಸುವ ಬಿರುಗಾಳಿಯ ಮುಂದೆ ಅವು ಎದೆ ತೆರೆದು ನಿಂತಂತೆಯೇ. ಹಾಗಾಗಿ ಗಾಳಿ ಎಷ್ಟು ಜೋರು ಎಂದು ಕೇಳುವ ಮೊದಲು, ಯಾವ ಕಡೆಯಿಂದ ಎಂದು ಇಲ್ಲಿ ಕೇಳಬೇಕಾಗುತ್ತದೆ.

ದಿಕ್ಕನ್ನು ಓದುವ ವಿದ್ಯೆಗೂ ನಮ್ಮ ಕಡಲಿಗೂ ಹಳೆಯ ನಂಟಿದೆ. ಕೋಲ್ಕತ್ತಾದಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಯಾವ ಗಂಟೆಗೆ ಎಲ್ಲಿ ಯಾವ ಗಾಳಿ ಬೀಸಿತ್ತೆಂದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರು. ಗಾಳಿ ಸುತ್ತುತ್ತಿತ್ತು. 1848ರಲ್ಲಿ ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ‘ಸೈಕ್ಲೋನ್’ ಎಂಬ ಹೆಸರು ಕೊಟ್ಟವರು ಅವರೇ. ನಾವಿಕರಿಗಾಗಿ ಕೊಂಬಿನಿಂದ ಮಾಡಿದ ಪಾರದರ್ಶಕ ಬಿಲ್ಲೆಯೊಂದನ್ನೂ ರೂಪಿಸಿದರು. ಅದರ ಮೇಲೆ ಸುತ್ತುವ ಗಾಳಿಯ ಗೆರೆಗಳಿದ್ದವು. ನಕ್ಷೆಯ ಮೇಲಿಟ್ಟು, ಹಡಗಿಗೆ ಬಡಿಯುತ್ತಿರುವ ಗಾಳಿಗೆ ಹೊಂದಿಸಿದರೆ ಚಂಡಮಾರುತದ ನಡು ಎಲ್ಲಿದೆಯೆಂದು ತಿಳಿಯುತ್ತಿತ್ತು.

ಸಮಭಾಜಕದ ಉತ್ತರಕ್ಕೆ ಈ ಸುರುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತರೆ ಚಂಡಮಾರುತದ ನಡು ಸರಿಸುಮಾರು ನಿಮ್ಮ ಎಡಗೈ ಕಡೆಗಿರುತ್ತದೆ. ಒಬ್ಬರೇ ನಿಂತರೆ ಸಿಗುವುದು ಇಷ್ಟೇ. ಎರಡು ದ್ವೀಪಗಳಲ್ಲಿ ಇಬ್ಬರು ನಿಂತರೆ?

ಮಿನಿಕಾಯ್‌ಗೂ ಅದರ ಉತ್ತರದ ದ್ವೀಪಗಳಿಗೂ ನಡುವೆ ಸುಮಾರು 200 ಕಿಲೋಮೀಟರ್ ಅಗಲದ ಒಂಬತ್ತು ಡಿಗ್ರಿ ಕಾಲುವೆ ಇದೆ. ಚಂಡಮಾರುತವೊಂದು ಅದರ ಮೂಲಕ ಪಶ್ಚಿಮಕ್ಕೆ ಸಾಗುತ್ತಿದೆ ಎಂದುಕೊಳ್ಳಿ. ದಕ್ಷಿಣದ ಮಿನಿಕಾಯ್‌ನಲ್ಲಿ ಗಾಳಿ ಮೊದಲು ಉತ್ತರದಿಂದ, ಆಮೇಲೆ ಪಶ್ಚಿಮದಿಂದ, ಕೊನೆಗೆ ದಕ್ಷಿಣದಿಂದ ಬೀಸುತ್ತದೆ. ಉತ್ತರದ ಕಲ್ಪೇನಿಯಲ್ಲಿ ಅದು ಈಶಾನ್ಯದಿಂದ ಪೂರ್ವಕ್ಕೆ, ಪೂರ್ವದಿಂದ ಆಗ್ನೇಯಕ್ಕೆ ತಿರುಗುತ್ತದೆ. ಒಂದೇ ಗಾಳಿ ಒಂದೆಡೆ ಎಡಕ್ಕೆ, ಇನ್ನೊಂದೆಡೆ ಬಲಕ್ಕೆ ಹೊರಳುತ್ತಿದ್ದರೆ ಅದರ ನಡು ಎರಡರ ಮಧ್ಯೆ ಹಾದುಹೋಗುತ್ತಿದೆ. ಪೂರ್ವದ ದಡದ ಪೆಟ್ಟು ಯಾರಿಗೆ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ: ಕಲ್ಪೇನಿಗೆ. ನೆಲ ಇಷ್ಟು ಕಡಿಮೆ ಇರುವ ಕಡಲಲ್ಲಿ ಎರಡು ದ್ವೀಪಗಳ ಗಾಳಿಯ ದಾಖಲೆಗಳು ಸೇರಿ ಇಷ್ಟು ಹೇಳುತ್ತವೆ ಎಂಬುದು ನನಗೆ ಇಂದಿಗೂ ಬೆರಗು.

ಈಗ ಉಪಗ್ರಹವಿದೆಯಲ್ಲ ಎನ್ನಬಹುದು. ಇದೆ, ಅದಿಲ್ಲದೆ ಇಂದಿನ ಮುನ್ನೆಚ್ಚರಿಕೆಯೇ ಇಲ್ಲ. ಇನ್ಸಾಟ್ ಸರಣಿಯ ಉಪಗ್ರಹಗಳ ಚಿತ್ರದಲ್ಲಿ ಮೋಡದ ಸುರುಳಿ ಎಷ್ಟು ಬಿಗಿಯಾಗಿದೆ, ಅದರ ನೆತ್ತಿ ಎಷ್ಟು ತಣ್ಣಗಿದೆ ಎಂದು ನೋಡಿ ಗಾಳಿಯ ವೇಗವನ್ನು ಅಂದಾಜು ಮಾಡುತ್ತಾರೆ. ಆದರೆ ಅದು ಅಂದಾಜು. ಅಮೆರಿಕದವರು ವಿಮಾನವನ್ನೇ ಚಂಡಮಾರುತದೊಳಗೆ ನುಗ್ಗಿಸಿ ಅಳೆದು ಬರುತ್ತಾರೆ. ಅರಬ್ಬಿ ಸಮುದ್ರದಲ್ಲಿ ಆ ರೂಢಿಯಿಲ್ಲ. ಮೋಡದ ಕೆಳಗಿನ ವಾಯುಭಾರವನ್ನು ಕೈಯಾರೆ ಅಳೆದು ಹೇಳಲು ನಮಗಿರುವುದು ದ್ವೀಪಗಳು, ತೇಲುವ ಬೋಯಾಗಳು, ಹಾದುಹೋಗುವ ಹಡಗುಗಳು.

ಕಾಲಾವಕಾಶವೂ ಕಡಿಮೆ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದ ಓಖಿ, ಮರುದಿನ ಬೆಳಿಗ್ಗೆ ಕನ್ಯಾಕುಮಾರಿಯ ಹತ್ತಿರ ಚಂಡಮಾರುತವಾಗಿತ್ತು. ದಿನಗಟ್ಟಲೆ ಮೀನುಗಾರಿಕೆಗೆಂದು ಹೊರಟ ದೋಣಿಗಳು ಅಷ್ಟರಲ್ಲಿ ಮೊಬೈಲ್ ಸಿಗ್ನಲ್ ದಾಟಿ ಎಷ್ಟೋ ದೂರ ಹೋಗಿದ್ದವು. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳಲಿಲ್ಲ. ಆ ಚಂಡಮಾರುತ ಮುಂದೆ ಲಕ್ಷದ್ವೀಪವನ್ನು ಹಾದು ಹೋಯಿತು. ಉಪಗ್ರಹದ ಮೂಲಕ ಆಳಸಮುದ್ರದ ದೋಣಿಗೇ ಎಚ್ಚರಿಕೆ ತಲುಪಿಸುವ ಜೆಮಿನಿ ಸಾಧನ ಬಂದದ್ದು 2019ರಲ್ಲಿ. 2021ರ ಮೇ ತಿಂಗಳ ತೌಕ್ತೆಯಂತೂ ಲಕ್ಷದ್ವೀಪದ ಸುತ್ತಲೇ ಬಲಿತು, ಉಳ್ಳಾಲದ ಕಡಲತೀರದ ಮನೆಗಳನ್ನೂ ಬಿಡದೆ, ಮೂರೇ ದಿನಗಳಲ್ಲಿ ಗುಜರಾತಿಗೆ ಅಪ್ಪಳಿಸಿತು.

ಚಂಡಮಾರುತವಿಲ್ಲದ ದಿನಗಳ ಲೆಕ್ಕವೂ ನಮಗೆ ಬೇಕಾದದ್ದೇ. ಮುಂಗಾರು ಕೇರಳ ಪ್ರವೇಶಿಸಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದನ್ನು ತೀರ್ಮಾನಿಸಲು ಹವಾಮಾನ ಇಲಾಖೆ 14 ಕೇಂದ್ರಗಳ ಮಳೆಯನ್ನು ನೋಡುತ್ತದೆ. ಮೇ 10ರ ನಂತರ ಅವುಗಳಲ್ಲಿ ಶೇ. 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಿದ್ದಿರಬೇಕು. ಜೊತೆಗೆ ಗಾಳಿ, ಮೋಡಗಳ ಷರತ್ತುಗಳೂ ಕೂಡಿಬರಬೇಕು. ಪಟ್ಟಿಯಲ್ಲಿ ಮಿನಿಕಾಯ್, ಅಮಿನಿ ಇವೆ, ಮಂಗಳೂರೂ ಇದೆ. ಅಮಿನಿ ಮತ್ತು ಅದರ ನೆರೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಗೆ ಬೇಕಾದ ಅಕ್ಕಿ, ತರಕಾರಿ, ಸಿಮೆಂಟು ಮಂಜಿ ಎಂಬ ಸರಕು ದೋಣಿಗಳನ್ನೇರಿ ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಹೋಗುತ್ತವೆ. ಮಳೆ ಮಾತ್ರ ಸಮನಾಗಿ ಹಂಚಿಲ್ಲ. ಒಂದೇ ಮುಂಗಾರು ಮಿನಿಕಾಯ್ ದಾಟಿ ಬಂದರೂ ಅಲ್ಲಿನ ವರ್ಷದ ಮಳೆ ಮಂಗಳೂರಿನ ಅರ್ಧದಷ್ಟೂ ಇಲ್ಲ, ಏಕೆಂದರೆ ಮೋಡವನ್ನು ತಡೆದು ಮೇಲಕ್ಕೆತ್ತಲು ಅಲ್ಲಿ ಘಟ್ಟವಿಲ್ಲ.

ಮಿನಿಕಾಯ್ ಮತ್ತು ಅಮಿನಿಯಿಂದ ಹವಾಮಾನ ಬಲೂನುಗಳೂ ಮೇಲೇರುತ್ತವೆ. ಅವುಗಳಿಗೆ ನಿಗದಿಯಾದ ಹೊತ್ತು ಬೆಳಗಿನ ಐದೂವರೆ ಮತ್ತು ಸಂಜೆಯ ಐದೂವರೆ. ದಾರದ ತುದಿಗೆ ಪುಟ್ಟ ಪೆಟ್ಟಿಗೆ. ಅದು ಏರುತ್ತ ಏರುತ್ತ ಉಷ್ಣತೆ, ತೇವ, ವಾಯುಭಾರಗಳನ್ನು ರೇಡಿಯೋ ಮೂಲಕ ಕೆಳಗೆ ಹೇಳುತ್ತ ಹೋಗುತ್ತದೆ. ಮೇಲೆ ಗಾಳಿ ತೆಳುವಾದಂತೆ ಬಲೂನು ಉಬ್ಬಿ, ಒಡೆದು, ಪೆಟ್ಟಿಗೆ ಎಲ್ಲೋ ಕಡಲಿಗೆ ಬೀಳುತ್ತದೆ. ಹನ್ನೆರಡು ಗಂಟೆಗಳ ಬಳಿಕ ಇನ್ನೊಂದನ್ನು ಹಾರಿಬಿಡುತ್ತಾರೆ.